ಆ ಪೈಪು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ಸ್ಪೇಸ್‌ಶಿಪ್ ಮಾಡೆಲ್ ಕಿಟ್ ತಂದಾಯಿತು, ಜೋಡಿಸಿದ್ದೂ ಆಯಿತು, ಆದರೆ ಬೋಳಾಗಿ ಆಟಿಕೆ ಥರ ಕಾಣುತ್ತೆ. ಅದರ ಮೈಮೇಲೆ ಪೈಪು, ಪೆಟ್ಟಿಗೆ, ಏಣಿ, ಎಂಜಿನ್ ಬಾಯಿ ಅಂತ ಕೈಯಾರೆ ಮಾಡಿ ಕೂರಿಸೋದು ಹೇಗೆ? ಮುಂಬಯಿ, ಪುಣೆ, ಗೋವಾದ ಪತ್ರಗಳನ್ನು ಒಟ್ಟಿಗೆ ತಗೊಂಡಿದ್ದೇವೆ. ಉದ್ದದವನ್ನು ಮೊಟಕು ಮಾಡಿದ್ದೇವೆ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಸರ್, ನನ್ನದು 1/144 ಅಳತೆಯ ಸರಕು ನೌಕೆ. ಹಳೇ ಕೀಬೋರ್ಡು, ರೇಡಿಯೋ ಬಿಚ್ಚಿ ಸಿಕ್ಕಿದ್ದನ್ನೆಲ್ಲ ಅದರ ಬೆನ್ನ ಮೇಲೆ ಅಂಟಿಸಿದೆ. ಈಗ ನನ್ನ ಹೆಂಡತಿ ಅದನ್ನು ನೋಡಿ ‘ಕಚರಾ ಗಾಡಿ’ ಅಂತಾಳೆ. ಏನು ಮಾಡಲಿ? – ಬ್ಯಾಂಕ್ ಉದ್ಯೋಗಿ, ಡೊಂಬಿವಲಿ

ಉತ್ತರ: ನೀವು ಕಳಿಸಿದ ಫೋಟೋ ನೋಡಿದೆ. ನಿಮ್ಮ ಮನೆಯವರು ಹೇಳಿದ್ದು ಸರಿಯಾಗೇ ಇದೆ. ಅಂಟಿಸಿದ ಸಾಮಾನು ಕೆಟ್ಟದ್ದಲ್ಲ, ಅಳತೆ ತಪ್ಪಿದೆ ಅಷ್ಟೇ.

1/144 ಅಂದರೆ ಮಾಡೆಲ್‌ನ 1 ಮಿಲಿಮೀಟರ್ ನಿಜದಲ್ಲಿ 14.4 ಸೆಂಟಿಮೀಟರ್. ನಿಮ್ಮ ಕೀಬೋರ್ಡಿನ ಕೀ ಸುಮಾರು 18 ಮಿಲಿಮೀಟರ್ ಅಗಲ, ಹಾಗಾಗಿ ಅದು ಎರಡೂವರೆ ಮೀಟರಿನ ಗುಂಡಿ ಆಯಿತು. ಅದರ ಪಕ್ಕದಲ್ಲಿ ಆರು ಮಿಲಿಮೀಟರ್ ಸ್ಕ್ರೂ ತಲೆ ಬೇರೆ ಇದೆ. ಲೆಕ್ಕ ಹಾಕಿ, 86 ಸೆಂಟಿಮೀಟರ್! ಆ ಸ್ಕ್ರೂ ಬಿಚ್ಚೋಕೆ ಕ್ರೇನ್ ಕರೆಸಬೇಕು. ನೋಡುವವರಿಗೆ ಈ ಲೆಕ್ಕ ಗೊತ್ತಿರಲ್ಲ, ಆದರೂ ಎಲ್ಲೋ ಏನೋ ಸರಿಯಿಲ್ಲ ಅಂತ ಕಣ್ಣಿಗೆ ತಕ್ಷಣ ಹೊಳೆಯುತ್ತೆ.

ಅದಕ್ಕೇ ಮೊದಲು ಒಬ್ಬ ಆಳನ್ನು ಮಾಡಿಕೊಳ್ಳಿ. ರಟ್ಟಿನಲ್ಲಿ 12 ಮಿಲಿಮೀಟರ್ ಎತ್ತರಕ್ಕೆ ಒಂದು ಮನುಷ್ಯನ ಆಕಾರ ಕತ್ತರಿಸಿ ನೌಕೆಯ ಪಕ್ಕ ನಿಲ್ಲಿಸಿ. ನಿಮ್ಮ ಅಳತೆಯಲ್ಲಿ ಐದೂಮುಕ್ಕಾಲು ಅಡಿ ಆಳು ಅಷ್ಟೇ ಎತ್ತರ. ಅವನು ಹೋಗೋ ಬಾಗಿಲು 14 ಮಿಲಿಮೀಟರ್, ಹತ್ತೋ ಏಣಿಯ ಮೆಟ್ಟಿಲುಗಳ ನಡುವೆ 2 ಮಿಲಿಮೀಟರ್, ಹಿಡಿಯೋ ಕಂಬಿಯ ದಪ್ಪ 0.3ರ ಒಳಗೆ. ಏನೇ ಅಂಟಿಸೋ ಮುಂಚೆ ಇವನ ಪಕ್ಕ ಇಟ್ಟು ನೋಡಿ. ಇವನ ಕೈಗೆ ಎಟುಕದ ಹಿಡಿ, ಇವನು ತೂರಲಾಗದ ಬಾಗಿಲು ಬೇಡವೇ ಬೇಡ.

ಎರಡನೇದು, ಪ್ರತಿ ತುಣುಕಿಗೂ ಒಂದು ಕೆಲಸ ಕೊಡಿ. ಪೈಪು ಅಂಟಿಸಿದ್ದೀರಾ? ಎಲ್ಲಿಂದ ಹೊರಡುತ್ತೆ, ಎಲ್ಲಿಗೆ ಹೋಗುತ್ತೆ, ಒಳಗೆ ಏನು ಹರಿಯುತ್ತೆ? ಇಂಧನ ಟ್ಯಾಂಕಿನಿಂದ ಎಂಜಿನ್ನಿಗೆ ಹೋಗೋದಾದರೆ ಮಧ್ಯೆ ಒಂದು ವಾಲ್ವ್ ಇರಬೇಕಲ್ವಾ? ಆ ವಾಲ್ವ್ ಕೆಟ್ಟರೆ ರಿಪೇರಿಗೆ ಒಬ್ಬ ಬರಬೇಕಲ್ವಾ? ಬಂದವನಿಗೆ ಹಿಡಿಕೊಳ್ಳೋಕೆ ಕಂಬಿ ಬೇಕು. ನೋಡಿ, ಒಂದು ಪೈಪಿನಿಂದ ವಾಲ್ವ್, ಕಂಬಿ ಎರಡೂ ತಾನಾಗೇ ಬಂತು, ಮತ್ತೆ ಮೂರಕ್ಕೂ ಅಲ್ಲೇ ಇರಬೇಕಾದ ಕಾರಣ ಇದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹೊರಮೈಯ ಫೋಟೋ ತೆಗೆದು ನೋಡಿ, ಗಗನಯಾತ್ರಿಗಳು ಕೆಲಸ ಮಾಡೋ ಜಾಗದಲ್ಲೆಲ್ಲ ಹಿಡಿಕಂಬಿ ಸಾಲಾಗಿ ಹೋಗಿವೆ.

ಇದಕ್ಕೆ ಮೇಷ್ಟ್ರು ಬೇಕಿದ್ದರೆ ದಾದರ್ ಸ್ಟೇಷನ್ನಿನ ಮೇಲ್ಸೇತುವೆ ಸಾಕು. ಕೆಳಗೆ ನಿಲ್ಲೋದು ಡೊಂಬಿವಲಿಯವರು ದಿನಾ ಹತ್ತಿ ಇಳಿಯೋ ಲೋಕಲ್ ರೈಲೇ, ಆದರೆ ಮೇಲಿಂದ ಅದರ ತಲೆ ನೋಡಿದ್ದೀರಾ? ಪ್ಯಾಂಟೋಗ್ರಾಫ್, ಅಂದರೆ ಮೇಲಿನ ತಂತಿಯಿಂದ ಕರೆಂಟ್ ತಗೊಳ್ಳೋ ಸಾಧನ, ಇರೋ ಡಬ್ಬಿಯ ಚಾವಣಿ ಮೇಲೆ ಸಾಮಾನೆಲ್ಲ ಒಂದೇ ಕಡೆ ಗುಂಪಾಗಿರುತ್ತೆ: ಮಡಚೋ ತೋಳು, ಅದರ ಕಾಲಡಿ ಬಿಲ್ಲೆ ಬಿಲ್ಲೆಯಾಗಿ ಏರಿದ ಇನ್ಸುಲೇಟರ್‌ಗಳು, ಅಲ್ಲಿಂದ ಹೊರಟು ಒಳಗಿಳಿಯೋ ದಪ್ಪ ಕೇಬಲ್ಲು. ಅದರ ಆಚೆ ಉದ್ದಕ್ಕೂ ಸುಮ್ನೆ ಖಾಲಿ ತಗಡು, ಅಲ್ಲೊಂದು ಇಲ್ಲೊಂದು ಗಾಳಿಕಿಂಡಿ, ಮಸಿ, ತುಕ್ಕಿನ ಗೆರೆ. ಆ ಖಾಲಿ ಜಾಗ ಇರೋದರಿಂದಲೇ ಈ ಗುಂಪು ಎದ್ದು ಕಾಣೋದು. ನೀವು ಇಡೀ ಬೆನ್ನು ತುಂಬಿಸಿದ್ದೀರಿ, ಕಣ್ಣಿಗೆ ನಿಲ್ಲೋಕೆ ಜಾಗವೇ ಇಲ್ಲ. ನನ್ನ ಮಟ್ಟಿಗೆ ಮುಕ್ಕಾಲು ಭಾಗ ಖಾಲಿ ಬಿಟ್ಟರೂ ತಪ್ಪಿಲ್ಲ.

ಕಿಟ್ ಸಾಮಾನನ್ನು ಹೀಗೆ ಬೇರೆ ಕಡೆ ಬಳಸೋದು ಹೊಸದೇನಲ್ಲ. 1977ರ ‘ಸ್ಟಾರ್ ವಾರ್ಸ್’ ಚಿತ್ರದ ನೌಕೆಗಳ ಮೈಮೇಲಿನ ಕುಸುರಿ ಬಹುಪಾಲು ಅಂಗಡಿಯಲ್ಲಿ ಸಿಗೋ ಯುದ್ಧ ಟ್ಯಾಂಕು, ವಿಮಾನ, ರೇಸ್ ಕಾರಿನ ಕಿಟ್‌ಗಳ ಬಿಡಿಭಾಗಗಳೇ. ಇಂಥ ತುಣುಕುಗಳಿಗೆ ಈ ಹವ್ಯಾಸದವರು ‘ಗ್ರೀಬಲ್’ ಅಂತಾರೆ. ಅವರೂ ಸಿಕ್ಕಸಿಕ್ಕಿದ್ದು ಅಂಟಿಸಿದರು ಅಂದುಕೊಳ್ಳಬೇಡಿ. ಟ್ಯಾಂಕಿನ ಚಕ್ರ ಚಕ್ರ ಅಂತ ಗೊತ್ತಾಗದ ಹಾಗೆ ಅರ್ಧ ಕತ್ತರಿಸಿ, ಮಗುಚಿ, ಪಕ್ಕಕ್ಕೆ ಬೇರೆ ಇನ್ನೇನೋ ಸೇರಿಸಿ ಕೂರಿಸಿದರೆ ಮಾತ್ರ ಕೆಲಸ ಕೆಡಲ್ಲ. ನಿಮ್ಮ ಕೀಗಳ ಮೇಲೆ ಇನ್ನೂ ‘ಎಂಟರ್’ ಅಂತ ಓದೋಕೆ ಬರುತ್ತೆ, ಸ್ವಾಮಿ!

ಪ್ರಶ್ನೆ: ಹೋಟೆಲಿನ ಪಾರ್ಸೆಲ್ ಡಬ್ಬಿ ಕತ್ತರಿಸಿ ಪ್ಯಾನೆಲ್ ಮಾಡಿದೆ. ಕಿಟ್ ಜೊತೆ ತಂದ ಪ್ಲಾಸ್ಟಿಕ್ ಸಿಮೆಂಟ್ ಹಾಕಿದರೆ ಅಂಟಿಕೊಳ್ಳೋದೇ ಇಲ್ಲ, ಉಗುರಲ್ಲಿ ಎಬ್ಬಿಸಿದರೆ ಬರುತ್ತೆ. ಗಮ್ ನಕಲಿ ಇರಬಹುದಾ? ಹೊರದೇಶದ ಪ್ಲಾಸ್ಟಿಕ್ ಶೀಟ್ ತರಿಸೋಷ್ಟು ದುಡ್ಡಿಲ್ಲ. – ಎಂಜಿನಿಯರಿಂಗ್ ವಿದ್ಯಾರ್ಥಿ, ಕೋಥ್ರುಡ್, ಪುಣೆ

ಉತ್ತರ: ಗಮ್ ಅಸಲಿನೇ, ಡಬ್ಬಿ ಬೇರೆ ಜಾತಿಯದು. ಬುಡ ತಿರುಗಿಸಿ ನೋಡಪ್ಪ, ತ್ರಿಕೋನದೊಳಗೆ 5 ಅಂತ ಇರುತ್ತೆ. ಅದು ಪಾಲಿಪ್ರೊಪಿಲೀನ್. ಕಿಟ್‌ಗಳೆಲ್ಲ ಹೆಚ್ಚಾಗಿ ಪಾಲಿಸ್ಟೈರೀನ್, ಅದರ ನಂಬರು 6. ಪ್ಲಾಸ್ಟಿಕ್ ಸಿಮೆಂಟ್ ಅನ್ನೋದು ಅಂಟೇ ಅಲ್ಲ, ಎರಡೂ ಮೈಯನ್ನು ಸ್ವಲ್ಪ ಕರಗಿಸಿ ಒಂದಕ್ಕೊಂದು ಬೆಸೆಯೋ ದ್ರಾವಕ. 5ನೇ ನಂಬರು ಅದಕ್ಕೆ ಕರಗೋದೇ ಇಲ್ಲ. ಅದರ ಮೇಲೆ ಫೆವಿಕ್ವಿಕ್ ಕೂಡ ಸರಿಯಾಗಿ ನಿಲ್ಲಲ್ಲ, ಬಣ್ಣವೂ ಸಿಪ್ಪೆ ಏಳುತ್ತೆ. ಡಬ್ಬಿಯನ್ನು ಬಣ್ಣ ಕಲಸೋಕೆ ಇಟ್ಕೊ.

ಹಾಗಾದರೆ 6 ಎಲ್ಲಿ ಸಿಗುತ್ತೆ? ಮೊದಲು ಮದುವೆ ಮನೆಯ ಬಿಳಿ ಚಮಚಗಳೇ ಸಾಕಾಗುತ್ತಿದ್ದವು, 2022ರ ಜುಲೈ 1ರಿಂದ ದೇಶಾದ್ಯಂತ ಪ್ಲಾಸ್ಟಿಕ್ ಚಮಚ ಬಂದ್, ಪರಿಸರಕ್ಕೆ ಒಳ್ಳೇದಾಯಿತು ಬಿಡು. ಈಗ ಹಳೇ ಸಿಡಿ ಡಬ್ಬಿ ನೋಡು. ಅದರ ಪಾರದರ್ಶಕ ಭಾಗ ಪಾಲಿಸ್ಟೈರೀನೇ, ಆದರೆ ಬಲು ಸಿಡುಕು, ಬಗ್ಗಿಸಿದರೆ ಚೂರಾಗುತ್ತೆ. ಕಿಟಕಿಗೆ, ಲೈಟಿನ ಮುಚ್ಚಳಕ್ಕೆ ಚೆನ್ನ. ಕೆಲವು ಮೊಸರಿನ ಕಪ್ಪುಗಳ ಮೇಲೂ 6 ಇರುತ್ತೆ, ತೆಳ್ಳಗಿನ ಪ್ಯಾನೆಲ್‌ಗೆ ಬರುತ್ತೆ. ಎಲ್ಲಕ್ಕಿಂತ ಒಳ್ಳೆಯದು ನಿನ್ನ ಹತ್ತಿರವೇ ಇದೆ: ಕಿಟ್ ಭಾಗಗಳನ್ನು ಹಿಡಿದಿದ್ದ ಪ್ಲಾಸ್ಟಿಕ್ ಚೌಕಟ್ಟು, ಸ್ಪ್ರೂ. ಒಂದನ್ನೂ ಎಸೆಯಬೇಡ. ಮೇಣದಬತ್ತಿಯ ಉರಿಯ ಮೇಲೆ, ತಾಗಿಸದೆ, ಒಂದು ತುಂಡನ್ನು ತಿರುಗಿಸ್ತಾ ಹಿಡಿ. ಮಧ್ಯದ ಭಾಗ ಮೆತ್ತಗಾಗಿ ಹೊಳೆಯೋಕೆ ಶುರುವಾದಾಗ ಉರಿಯಿಂದ ಆಚೆ ತಂದು ಎರಡೂ ಕಡೆ ಎಳೆ. ಬೇಗ ಎಳೆದರೆ ಕೂದಲಿನಷ್ಟು ತೆಳು, ನಿಧಾನಕ್ಕೆ ಎಳೆದರೆ ಸಣ್ಣ ಪೈಪಿನಷ್ಟು ದಪ್ಪ. ಆಂಟೆನಾ, ತಂತಿ, ಕಂಬಿ ಎಲ್ಲ ಇದರಲ್ಲೇ ಆಗುತ್ತೆ, ಮತ್ತೆ ಇದು ಕಿಟ್‌ನದೇ ಪ್ಲಾಸ್ಟಿಕ್ ಆದ್ದರಿಂದ ಸಿಮೆಂಟಿಗೆ ಪಟ್ಟಂತ ಕೂರುತ್ತೆ. ಕಿಟಕಿ ತೆಗೆದಿರಲಿ, ಸಿಮೆಂಟ್ ಬಾಟಲಿ ಆಚೆ ಕೋಣೆಯಲ್ಲಿರಲಿ, ಅದು ಬೆಂಕಿ ಕಂಡರೆ ಹತ್ತಿಕೊಳ್ಳೋ ಸರಕು.

ದೊಡ್ಡ ಚಪ್ಪಟೆ ಭಾಗಕ್ಕೆ ಬೋರ್ಡ್ ಬರೆಯೋರ ಅಂಗಡಿಯಲ್ಲಿ ಸನ್‌ಬೋರ್ಡ್ ಚೂರು ಕೇಳು, ಎಷ್ಟೋ ಸಲ ಸುಮ್ನೆ ಕೊಡ್ತಾರೆ. ಅದು ಪಿವಿಸಿ ಫೋಮು, ಹಾಗಾಗಿ ಕಿಟ್ ಸಿಮೆಂಟ್ ಬೇಡ, ಫೆವಿಕ್ವಿಕ್ ಹಾಕು. ಕತ್ತರಿಸಿದ ಅಂಚಿನಲ್ಲಿ ಸಣ್ಣ ತೂತುಗಳು ಕಾಣುತ್ತೆ, ಪುಟ್ಟಿ ಸವರಿ ಉಜ್ಜಬೇಕು. ಥರ್ಮೋಕೋಲ್ ಮಾತ್ರ ಮುಟ್ಟಬೇಡ. ಅದೂ ಪಾಲಿಸ್ಟೈರೀನೇ ಆದರೂ ಸಿಮೆಂಟ್ ಬಿದ್ದರೆ, ಸ್ಪ್ರೇ ಬಣ್ಣ ತಾಗಿದರೆ ಕಣ್ಣೆದುರೇ ಕರಗಿ ಗುಂಡಿ ಬೀಳುತ್ತೆ.

ಇನ್ನೊಂದು, ನೀನು ಪುಣೆಯಲ್ಲಿದ್ದೀಯ. ಬುಧವಾರ, ಭಾನುವಾರ ಜುನಾ ಬಜಾರ್ ಕೂರುತ್ತೆ. ಕೈಕಾಲು ಮುರಿದ ಆಟಿಕೆ, ಕೆಟ್ಟ ಪ್ರಿಂಟರು, ಕ್ಯಾಮೆರಾ ಸಿಕ್ಕರೆ ಚೌಕಾಸಿ ಮಾಡಿ ತಗೋ. ಪ್ರಿಂಟರಿನ ಹೊಟ್ಟೆಯಲ್ಲಿ ಸಣ್ಣ ಹಲ್ಲುಚಕ್ರಗಳ ರಾಶಿಯೇ ಇರುತ್ತೆ.

ಪ್ರಶ್ನೆ: ಮಳೆಗಾಲದಲ್ಲಿ ಸ್ಪ್ರೇ ಮಾಡಿದ ಕಪ್ಪು ಬಣ್ಣ ಒಣಗಿದ ಮೇಲೆ ಬೂದಿ ಬಳಿದ ಹಾಗೆ ಬೆಳ್ಳಗಾಯಿತು. ಫೆವಿಕ್ವಿಕ್ ಹಾಕಿದ ಕಾಕ್‌ಪಿಟ್ ಗಾಜಿನ ಸುತ್ತಲೂ ಮಂಜು ಕವಿದಿದೆ. ಎರಡೂ ಒಂದೇ ರೋಗವಾ? – ಬಂದರಿನ ನೌಕರ, ವಾಸ್ಕೋ, ಗೋವಾ

ಉತ್ತರ: ಎರಡರ ಹಿಂದೆಯೂ ಗಾಳಿಯಲ್ಲಿರೋ ನೀರಿನ ಕೈವಾಡ ಇದೆ, ಆದರೆ ರೋಗ ಬೇರೆ ಬೇರೆ.

ಸ್ಪ್ರೇ ಬಣ್ಣದ ದ್ರಾವಕ ಬೇಗ ಆವಿಯಾಗುತ್ತೆ, ಆವಿಯಾಗುವಾಗ ಮೈಯನ್ನು ತಂಪು ಮಾಡುತ್ತೆ. ವಾಸ್ಕೋದ ಜುಲೈ ಗಾಳಿಯಲ್ಲಿ ತೇವ ತುಂಬಿ ತುಳುಕ್ತಿರುತ್ತೆ, ಅದು ಆ ತಂಪು ಮೈಮೇಲೆ ಹನಿಯಾಗಿ ಕೂತು ಬಣ್ಣದೊಳಗೆ ಸಿಕ್ಕಿಬೀಳುತ್ತೆ. ಅದೇ ಬಿಳಿ. ಮಳೆ ಬಿಟ್ಟ ಒಣ ಮಧ್ಯಾಹ್ನ ನೋಡಿ ಸ್ಪ್ರೇ ಮಾಡಿ, ಒಂದೇ ಸಲ ದಪ್ಪಕ್ಕೆ ಹೊಡೆಯಬೇಡಿ, ತೆಳ್ಳಗೆ ಎರಡು ಮೂರು ಪದರ ಕೊಡಿ. ಬಾಟಲಿ ಬಣ್ಣವನ್ನು ಏರ್‌ಬ್ರಷ್‌ನಲ್ಲಿ ಹೊಡೆಯೋದಾದರೆ ನಿಧಾನಕ್ಕೆ ಆರೋ ರಿಟಾರ್ಡರ್ ಥಿನ್ನರ್ ಸಿಗುತ್ತೆ, ಅದು ಹಾಕಿ. ಈಗಾಗಲೇ ಬಿಳಿಯಾಗಿದ್ದರೆ ಪೂರ್ತಿ ಕಿತ್ತು ಹಾಕಬೇಕಿಲ್ಲ, ಒಣ ದಿನ ಅದೇ ಬಣ್ಣದ ತೆಳು ಪದರ ಒಂದು ಮೇಲಿಂದ ಹೊಡೆದರೆ ಹೆಚ್ಚಿನ ಸಲ ಮಾಯವಾಗುತ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋವಾದವರು ಕತ್ತರಿಸೋದು, ಅಂಟಿಸೋದು, ಉಜ್ಜೋದು ಮಾಡಿ ಬಣ್ಣವನ್ನು ದಸರಾಕ್ಕೆ ಇಟ್ಟುಕೊಂಡರೆ ಅರ್ಧ ತಲೆನೋವು ಕಮ್ಮಿ.

ಗಾಜಿನ ಮಂಜು ಫೆವಿಕ್ವಿಕ್‌ನದೇ ಆವಿ. ಆವಿ ಗಾಜಿನ ಮೇಲೆ ಕೂತು ಗಾಳಿಯ ತೇವದಿಂದ ಅಲ್ಲೇ ಗಟ್ಟಿಯಾಗುತ್ತೆ. ಪಾರದರ್ಶಕ ಭಾಗಕ್ಕೆ ಅದನ್ನು ಹಾಕಲೇಬೇಡಿ, ಮಕ್ಕಳು ಶಾಲೆಗೆ ಒಯ್ಯೋ ಬಿಳಿ ಫೆವಿಕಾಲ್ ಸಾಕು, ಒಣಗಿದ ಮೇಲೆ ತಿಳಿಯಾಗುತ್ತೆ.

ಅಂದ ಹಾಗೆ ನೀವು ಬಂದರಿನವರು. ಹಡಗಿನ ಕಟಕಟೆ, ಲಂಗರಿನ ಸರಪಳಿ ಸುತ್ತೋ ಯಂತ್ರ, ಕ್ರೇನಿನ ಕೀಲುಗಳೆಲ್ಲ ಕಣ್ಣೆದುರಿಗಿವೆ. ನಮಗೆ ಫೋಟೋದಲ್ಲಿ ಹುಡುಕೋ ಪಾಡು!

ಪ್ರಶ್ನೆ: ನನ್ನ ಮಗ ಎಂಟನೇ ಕ್ಲಾಸು. ನೌಕೆಯ ಎಂಜಿನ್ನಿನಲ್ಲಿ ನೀಲಿ ಲೈಟು ಉರೀಬೇಕಂತೆ. ಕರೆಂಟ್ ವಿಷಯ, ನನಗೆ ಭಯ. ಮಾಡಲು ಬಿಡಬಹುದಾ? – ಗೃಹಿಣಿ, ಮಾಟುಂಗಾ

ಉತ್ತರ: ಬಿಡಿ ಅಮ್ಮಾ, ಗೋಡೆಯ ಪ್ಲಗ್ಗಿಗೆ ನೇರವಾಗಿ ಏನನ್ನೂ ಸಿಕ್ಕಿಸಬಾರದು ಅನ್ನೋ ಒಂದು ಶರತ್ತಿನ ಮೇಲೆ. 5 ವೋಲ್ಟಿನ ಯುಎಸ್‌ಬಿ ಪವರ್‌ಬ್ಯಾಂಕ್ ಸಾಕು, ಅದರಿಂದ ಶಾಕ್ ಹೊಡೆಯಲ್ಲ. ಆದರೆ ತಂತಿ ತಂತಿ ತಾಗಿದರೆ ಬಿಸಿಯಾಗುತ್ತೆ, ಅದಕ್ಕೆ ಪ್ರತಿ ಬೆಸುಗೆಯ ಮೇಲೂ ಟೇಪು ಸುತ್ತಬೇಕು.

ಲೆಕ್ಕ ಮಗನಿಗೆ ಓದಿ ಹೇಳಿ. ನೀಲಿ ಅಥವಾ ಬಿಳಿ ಎಲ್‌ಇಡಿ ಸುಮಾರು 3 ವೋಲ್ಟ್ ತಗೊಳ್ಳುತ್ತೆ. 5ರಲ್ಲಿ 3 ಹೋದರೆ 2 ವೋಲ್ಟ್ ಉಳೀತು. 10 ಮಿಲಿ ಆಂಪಿಯರ್ ಸಾಕು ಅಂದರೆ 2ನ್ನು 0.01ರಿಂದ ಭಾಗಿಸಿ, 200 ಓಮ್ ಬಂತು. ಅಂಗಡಿಯಲ್ಲಿ 220 ಓಮ್ ರೆಸಿಸ್ಟರ್ ಕೇಳಿ. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟಿನದು, ಅದಕ್ಕೆ 330. ಒಂದೊಂದು ಎಲ್‌ಇಡಿಗೂ ಒಂದೊಂದು ರೆಸಿಸ್ಟರ್ ಇರಲಿ. ಎಲ್ಲಕ್ಕೂ ಸೇರಿ ಒಂದೇ ಹಾಕಿದರೆ ಒಂದು ಜೋರಾಗಿ, ಇನ್ನೊಂದು ಮಂಕಾಗಿ ಉರಿಯಬಹುದು. ಗ್ರಾಂಟ್ ರೋಡ್‌ನಲ್ಲಿಳಿದು ಲ್ಯಾಮಿಂಗ್ಟನ್ ರೋಡಿಗೆ ಹೋದರೆ ಇದೆಲ್ಲ ಒಂದೇ ಅಂಗಡಿಯಲ್ಲಿ ಸಿಗುತ್ತೆ. 3 ಮಿಲಿಮೀಟರ್ ಎಲ್‌ಇಡಿ ಅಂತ ಕೇಳಿ, 5ರದ್ದು ಸಣ್ಣ ನೌಕೆಯೊಳಗೆ ಹಿಡಿಸಲ್ಲ.

ಲೈಟು ಹತ್ತಿದ ಮೇಲೆ ಇನ್ನೊಂದು ಕಾಟ ಕಾಣುತ್ತೆ: ಇಡೀ ನೌಕೆಯೇ ಒಳಗಿಂದ ಮಿನುಗುತ್ತೆ. ತೆಳು ಪ್ಲಾಸ್ಟಿಕ್ ಬೆಳಕನ್ನು ತಡೆಯಲ್ಲ. ಮುಚ್ಚೋ ಮುಂಚೆ ಒಳಮೈಗೆ ಕಪ್ಪು ಬಳಿದು, ಅದು ಒಣಗಿದ ಮೇಲೆ ಬಿಳಿ ಅಥವಾ ಬೆಳ್ಳಿ ಬಣ್ಣ ಬಳಿಯಬೇಕು. ಕಪ್ಪು ತಡೆಯುತ್ತೆ, ಬಿಳಿ ಹರಡುತ್ತೆ. ಎಂಜಿನ್ ಬಾಯಿಗೆ ಸಿಡಿ ಡಬ್ಬಿಯ ಚೂರನ್ನು 400 ನಂಬರಿನ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ಮಬ್ಬು ಮಾಡಿ ಕೂರಿಸಿದರೆ ಬಲ್ಬಿನ ಚುಕ್ಕಿ ಕಾಣದೆ ಇಡೀ ಬಾಯಿ ಬೆಳಗುತ್ತೆ. ಬಟನ್ ಸೆಲ್ ಬಳಸೋದಾದರೆ, ಮನೆಯಲ್ಲಿ ಚಿಕ್ಕ ಮಗು ಇದ್ದರೆ ಬೇಡ. ನುಂಗಿದರೆ ತುಂಬಾ ಅಪಾಯ.

ಪ್ರಶ್ನೆ: ಒಂದು ಗಾಳಿಕಿಂಡಿ ಚೆನ್ನಾಗಿ ಬಂದಿದೆ. ಅಂಥದ್ದೇ ಇನ್ನೂ ಇಪ್ಪತ್ತು ಬೇಕು. ಒಂದೊಂದೇ ಮಾಡ್ತಾ ಕೂತರೆ ಒಂದರ ಥರ ಇನ್ನೊಂದು ಬರಲ್ಲ. – ಶಿಕ್ಷಕಿ, ಠಾಣೆ

ಉತ್ತರ: ಅಚ್ಚು ಹಾಕಿ ಮೇಡಂ. ಹಿಂಭಾಗ ಚಪ್ಪಟೆ ಇರೋ ತುಣುಕಾದ್ದರಿಂದ ಒಂದೇ ಮಗ್ಗುಲ ಅಚ್ಚು ಸಾಕು. ಬಾತ್‌ರೂಮಿನ ಸಂದಿಗೆ ಹಾಕೋ ಸಿಲಿಕೋನ್ ಸೀಲಂಟ್ ತನ್ನಿ, ಬಿಚ್ಚಿದರೆ ವಿನೆಗರ್ ವಾಸನೆ ಬರೋ ಥರದ್ದು. ಅದಕ್ಕೆ ಹೆಚ್ಚೂಕಮ್ಮಿ ಅಷ್ಟೇ ಕಾರ್ನ್‌ಫ್ಲೋರ್ ಸೇರಿಸಿ ಹಿಟ್ಟಿನಂತೆ ನಾದಿ. ಕೈಗೆ ಗ್ಲೌಸ್ ಇರಲಿ, ಅದರ ಮೇಲೆ ಸೋಪು ನೀರು ಸವರಿಕೊಳ್ಳಿ, ಇಲ್ಲದಿದ್ದರೆ ಅಂಟುತ್ತೆ. ಮೂಲ ತುಣುಕಿಗೆ ತೆಳ್ಳಗೆ ವ್ಯಾಸಲೀನ್ ಒರೆಸಿ ಹಿಟ್ಟಿನೊಳಗೆ ಒತ್ತಿ. ಗಟ್ಟಿಯಾದ ಮೇಲೆ ಬಗ್ಗಿಸಿ ತೆಗೆಯಿರಿ, ಅಚ್ಚು ಸಿದ್ಧ. ಅದರೊಳಗೆ ಎಂ-ಸೀಲ್ ಕಲಸಿ ಮೂಲೆಮೂಲೆಗೂ ಒತ್ತಿ, ಮೇಲೆ ಸಮ ಮಾಡಿ, ರಾತ್ರಿ ಬಿಟ್ಟು ಬೆಳಗ್ಗೆ ತೆಗೆಯಿರಿ. ಎಂ-ಸೀಲ್‌ನಲ್ಲಿ ತೀರಾ ಸೂಕ್ಷ್ಮ ಗೆರೆ ಮೂಡಲ್ಲ, ಅದು ಬೇಕಿದ್ದರೆ ಸುರಿಯೋ ರೆಸಿನ್ನೇ ಆಗಬೇಕು. ಗಾಳಿಕಿಂಡಿಗೆ ಇದು ಧಾರಾಳ. ಉಜ್ಜುವಾಗ ನೀರು ಹಾಕಿ ಉಜ್ಜಿ, ಆ ಪುಡಿ ಮೂಗಿಗೆ ಹೋಗಬಾರದು.

ದುಂಡು ಬಿಲ್ಲೆಗಳಾದರೆ ಅಚ್ಚೂ ಬೇಡ. ಚರ್ಮಕ್ಕೆ ತೂತು ಹಾಕೋ ಹೋಲ್ ಪಂಚ್ ಸೆಟ್ ನಾಗದೇವಿ ಸ್ಟ್ರೀಟಿನ ಟೂಲ್ಸ್ ಅಂಗಡಿಗಳಲ್ಲಿ ಕೇಳಿ. ತೆಳು ಶೀಟಿನ ಮೇಲಿಟ್ಟು ಸುತ್ತಿಗೆಯಲ್ಲಿ ಒಂದೇಟು, ಒಂದು ಬಿಲ್ಲೆ.

ಪ್ರಶ್ನೆ: ನನ್ನದು 1/72 ಅಳತೆಯ ನೌಕೆ. ಪ್ಯಾನೆಲ್ ಗೆರೆ (ಹೊರಮೈಯ ತಗಡುಗಳ ನಡುವಿನ ಸಂದು) ಕೊರೆಯುವಾಗ ಬ್ಲೇಡು ಜಾರಿ ಎಲ್ಲೆಲ್ಲೋ ಹೋಗುತ್ತೆ. ದಿನಾ ಲೇತ್ ಮೇಲೆ ಕೆಲಸ ಮಾಡೋ ನನಗೇ ಇದು ಬಗ್ತಿಲ್ಲ. – ಟರ್ನರ್, ಚಿಂಚವಡ

ಉತ್ತರ: ನಿಮಗೆ ಹೇಳಿಕೊಡೋದಾ ಅಣ್ಣ! ಲೇತಿನ ಮೇಲೆ ಟೂಲನ್ನು ಒಂದೇ ಪಾಸ್‌ಗೆ ಆಳಕ್ಕೆ ಇಳಿಸ್ತೀರಾ? ಇಲ್ಲಿಯೂ ಅಷ್ಟೇ. ಮೊದಲ ಎಳೆತದಲ್ಲಿ ಒತ್ತಡವೇ ಬೇಡ, ಬರೀ ದಾರಿ ಬೀಳಬೇಕು. ಬ್ಲೇಡಿನ ಹರಿತ ಕಡೆಯಿಂದ ಕೊರೆದರೆ ಪ್ಲಾಸ್ಟಿಕ್ ಸೀಳಿ ಎರಡೂ ಕಡೆ ಅಂಚು ಉಬ್ಬಿ ಬರ್ ಏಳುತ್ತೆ. ಬ್ಲೇಡನ್ನು ತಿರುಗಿಸಿ ಬೆನ್ನಿನ ತುದಿಯಲ್ಲಿ ಎಳೆಯಿರಿ, ಎಳೆ ಎಳೆಯಾಗಿ ಪ್ಲಾಸ್ಟಿಕ್ ಎದ್ದು ಬರುತ್ತೆ, ಗೆರೆ ಸಾಫಾಗಿ ಬೀಳುತ್ತೆ. ಅಕ್ರಿಲಿಕ್ ಕಟರ್ ಅಂತ ಕೊಕ್ಕೆ ತುದಿಯದು ಸಿಗುತ್ತಲ್ಲ, ಅದೂ ಇದೇ ಕೆಲಸ ಮಾಡುತ್ತೆ. ಉಬ್ಬಿದ ಮೈಮೇಲೆ ಸ್ಟೀಲ್ ಸ್ಕೇಲ್ ಕೂರಲ್ಲ, ಹೆಸರು ಒತ್ತೋ ದಪ್ಪ ಲೇಬಲ್ ಟೇಪನ್ನು ಅಂಟಿಸಿ ಅದರ ಅಂಚಿಗೆ ಹಿಡಿದು ಎಳೆಯಿರಿ.

ಗೆರೆ ಅಗಲ ಮಾಡಬೇಡಿ. ನಿಮ್ಮ 1/72ರಲ್ಲಿ ಅರ್ಧ ಮಿಲಿಮೀಟರ್ ಗೆರೆ ಅಂದರೆ 3.6 ಸೆಂಟಿಮೀಟರ್ ಸಂದು, ಒಳಗಿನ ಗಾಳಿಯೆಲ್ಲ ಹೋಯ್ತು! ಅಮೆರಿಕದ ಸ್ಪೇಸ್ ಷಟಲ್‌ನ ಹೊಟ್ಟೆಯ ಕಪ್ಪು ಟೈಲ್‌ಗಳು ಸುಮಾರು 15 ಸೆಂಟಿಮೀಟರ್ ಚೌಕ. ನಿಮ್ಮ ಅಳತೆಯಲ್ಲಿ ಒಂದೊಂದು ಟೈಲ್ 2 ಮಿಲಿಮೀಟರ್ ಆಗುತ್ತೆ, ಅದರ ಸಂದು ಕಣ್ಣಿಗೂ ಕಾಣಲ್ಲ. ಜಾರಿದ ಗೆರೆಗೆ ಸ್ಪ್ರೂ ಎಳೆದು ಮಾಡಿದ ಎಳೆಯನ್ನು ಒಳಗಿಟ್ಟು ಸಿಮೆಂಟ್ ಹಾಕಿ, ಒಣಗಿದ ಮೇಲೆ ಉಜ್ಜಿ. ಪುಟ್ಟಿಗಿಂತ ಇದು ಗಟ್ಟಿ, ಮತ್ತೆ ಅದರ ಮೇಲೆಯೇ ಕೊರೆಯಬಹುದು.

ಪ್ರಶ್ನೆ: ತ್ರೀಡಿ ಪ್ರಿಂಟರ್ ಇರೋ ಕಾಲದಲ್ಲಿ ಇದೆಲ್ಲ ಯಾಕೆ? – ಅಂಧೇರಿ

ಉತ್ತರ: ಇದ್ದರೆ ಬಳಸಿ, ಯಾರು ಬೇಡ ಅಂದರು? ಆದರೆ ಪೈಪು ಎಲ್ಲಿಂದ ಎಲ್ಲಿಗೆ ಹೋಗಬೇಕು ಅನ್ನೋದನ್ನು ಪ್ರಿಂಟರ್ ಹೇಳಲ್ಲ. ಮತ್ತೆ ಒಂದು ಏಣಿ ಪ್ರಿಂಟ್ ಆಗೋ ಹೊತ್ತಿಗೆ ನಮ್ಮ ಡೊಂಬಿವಲಿಯವರು ತಾಮ್ರದ ಎಳೆಯಲ್ಲಿ ಎರಡು ಮಾಡಿ ಕೂರಿಸಿರ್ತಾರೆ.

ಪ್ರಶ್ನೆ: ಇಸ್ರೋ ಉಪಗ್ರಹಗಳ ಹಾಗೆ ನನ್ನ ನೌಕೆಯ ಟ್ಯಾಂಕಿಗೆ ಚಿನ್ನದ ಹಾಳೆ ಸುತ್ತಬೇಕು. ಚಾಕೊಲೇಟ್ ಕಾಗದ ಸುತ್ತಿದರೆ ಬಹುಮಾನದ ಕಪ್ ಥರ ಹೊಳೀತಿದೆ. – ಕಾಲೇಜು ವಿದ್ಯಾರ್ಥಿನಿ, ಮಡಗಾಂವ್

ಉತ್ತರ: ಅದು ಚಿನ್ನ ಅಲ್ಲಮ್ಮ. ಕ್ಯಾಪ್ಟಾನ್ (Kapton) ಅನ್ನೋ ಜೇನುಬಣ್ಣದ ಪ್ಲಾಸ್ಟಿಕ್ ಹಾಳೆ, ಅದರ ಹಿಂಭಾಗಕ್ಕೆ ಅಲ್ಯೂಮಿನಿಯಂ ಲೇಪ. ಅಲ್ಯೂಮಿನಿಯಂನ ಬಿಳಿ ಹೊಳಪು ಜೇನುಬಣ್ಣದ ಮೂಲಕ ಬರೋದರಿಂದ ಚಿನ್ನದ ಹಾಗೆ ಕಾಣುತ್ತೆ. ಬಿಸಿಲಿನ ಶಾಖ ಒಳಗೆ ಹೋಗದ ಹಾಗೆ, ಒಳಗಿನದು ಹೊರಗೆ ಹೋಗದ ಹಾಗೆ ಇಂಥ ಪದರ ಪದರ ಸೇರಿಸಿ ಹೊದಿಸ್ತಾರೆ. ನೀನೂ ಅದೇ ದಾರಿ ಹಿಡಿ. ಅಡುಗೆಮನೆಯ ಫಾಯಿಲ್ ತಗೊಂಡು ಮೆತ್ತಗೆ ಮುದುಡಿ, ಮತ್ತೆ ಬಿಡಿಸಿ, ಮಂಕಾದ ಮಗ್ಗುಲು ಮೇಲೆ ಬರೋ ಹಾಗೆ ಫೆವಿಕಾಲ್‌ನಲ್ಲಿ ಅಂಟಿಸು. ಪಾರದರ್ಶಕ ಹಳದಿ ಬಣ್ಣಕ್ಕೆ ಒಂದೆರಡು ಹನಿ ಪಾರದರ್ಶಕ ಕಿತ್ತಳೆ ಸೇರಿಸಿ ಮೇಲಿಂದ ತೆಳ್ಳಗೆ ಬಳಿ. ಸುಕ್ಕು ಸಣ್ಣದಿರಲಿ, ಅಂಚನ್ನು ಅಲ್ಲಲ್ಲಿ ತೆಳು ಟೇಪಿನ ಪಟ್ಟಿಯಿಂದ ಹಿಡಿದ ಹಾಗೆ ಮಾಡು. ಟ್ಯಾಂಕಿನಿಂದ ಪೈಪು ಹೊರಗೆ ಬರೋ ಕಡೆ ಹಾಳೆಯನ್ನು ದುಂಡಗೆ ಕತ್ತರಿಸೋದು ಮರೀಬೇಡ.